ಮುತ್ಯಾನ ಮನಿ ಬಿಚ್ಚೋದರೊಳಗ ಫೋಟೊ ತಗೀಬೇಕು, ಹೆಂಗ ತಗೀಲಿ?

ಪ್ರಶ್ನೆ:
ಬೀಳಗಿ ತಾಲೂಕಿನ್ಯಾಗ ನಮ್ಮ ಮುತ್ಯಾನ ಮನಿ ಐತಿ. ಹನ್ನೊಂದು ವರ್ಷ ಆತು, ಕೀಲಿ ಹಾಕೇತಿ. ಆಲಮಟ್ಟಿ ಆಣೆಕಟ್ಟಿನ ನೀರು 519.60 ಮೀಟರಿನಿಂದ 524.256ಕ್ಕ ಏರಿಸಿದ್ರ ನಮ್ಮ ಓಣಿ ಮುಳುಗಡಿ. ಆದ್ರ ನೀರು ಬರೋದಕ್ಕಿಂತ ಮೊದಲ ಮನಿ ಹೋಗೂದೈತಿ. ಕಾಕಾರು ತೊಲಿ, ಕಂಬ ಮಾರಾಕ ಮಾತಾಡ್ಯಾರ. ದೀಪಾವಳಿ ಮುಗದ ಮ್ಯಾಲ ಬಿಚ್ಚತಾರ.

ಒಳಗ ಗವ್ವಂತ ಕತ್ತಲಿ. ಪಡಸಾಲಿಗೆ ಒಂದ ಬೆಳಕಿಂಡಿ. ಮೊಬೈಲಿನ್ಯಾಗ ತಗದ್ರ ಬೆಳಕಿಂಡಿ ಬೆಳ್ಳಗ, ಉಳಿದದ್ದೆಲ್ಲಾ ಕರ್ರಗ ಬರತೈತಿ. ಆ ಬಿಸಿಲಕೋಲಿನ್ಯಾಗ ಕುಂತು ಆಯಿ ಜ್ವಾಳ ಹಸನ ಮಾಡತಿದ್ಲು. ಅದೊಂದರೆ ಸರಿಯಾಗಿ ಬರಬೇಕು ನನಗ.

ಉತ್ತರ 1:
ಹಳೇ ಬಾಗಲಕೋಟೆಯ ಖಾಲಿ ಮನೆಗಳ ಫೋಟೊ ತೆಗೆದವನು ನಾನು. ಹೋಗೋದು ತಡವಾಯ್ತು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಹೋದವರು ಚೌಕಟ್ಟು, ತೊಲೆ ಕಿತ್ತೊಯ್ದ ಮನೆಗಳೇ ನನಗೆ ಸಿಕ್ಕಿದ್ದು. ಅದಕ್ಕೇ ಹೇಳ್ತೀನಿ, ಮೊದಲು ಚಾವಣಿಯ ಫೋಟೊ ತೆಗೀರಿ. ನೆಲಕ್ಕೆ ಅಂಗಾತ ಮಲಗಿ. ಕಂಬ, ಅದರ ತಲೆಯ ಬೋದಿಗೆ, ತೊಲೆ, ಅಡ್ಡ ಜಂತೆ ಒಂದರ ಮೇಲೊಂದು ಹೇಗೆ ಕೂತಿವೆ ಅನ್ನೋದು ಕಾಣಬೇಕು. ತೊಲೆ ಎಳೆದ ದಿನವೇ ಮೇಲ್ಮುದ್ದೆ, ಅಂದ್ರೆ ಮಣ್ಣಿನ ಚಾವಣಿ, ಕುಸಿಯುತ್ತೆ, ಆಮೇಲೆ ಮಣ್ಣಿನ ಗೋಡೆ ಮಳೆಗೆ ಕರಗುತ್ತೆ.

ಮೊಬೈಲನ್ನ ಕಟ್ಟೆ ಮೇಲೆ ಅಲುಗಾಡದ ಹಾಗೆ ಇಟ್ಟು ಟೈಮರ್ ಹಾಕಿ. ಒಂದೇ ಜಾಗದಿಂದ ಮೂರು ಸಲ ತೆಗೀರಿ: ಬೆಳಕಿಂಡಿಯ ಬೆಳಕಿಗೆ ಒಂದು, ಗೋಡೆಗೆ ಒಂದು, ಮೂಲೆಯ ಕತ್ತಲಿಗೆ ಒಂದು. ಆಮೇಲೆ ಮೂರನ್ನೂ ಕೂಡಿಸಬಹುದು. ಫ್ಲಾಶ್ ಬೇಡವೇ ಬೇಡ, ಗೋಡೆ ಸಾರಣೆಯ ಮೇಲಿನ ಕೈಗುರುತು ಫೋಟೊದಲ್ಲಿ ಸತ್ತುಹೋಗುತ್ತೆ. ಕೋಣೆಗಳಿಗೆ ಮೋಡದ ದಿನ ಒಳ್ಳೇದು. ಬಿಸಿಲಕೋಲಿಗೆ ಮಾತ್ರ ಸುಡುಬಿಸಿಲಿನ ಮಧ್ಯಾಹ್ನವೇ ಬೇಕು. ಮಳೆಯಾದ ಮರುದಿನ ಒಳಗೆ ಕಾಲಿಡಬೇಡಿ. ನೆನೆದ ಮೇಲ್ಮುದ್ದೆ ಬಹಳ ಭಾರ.

ಉತ್ತರ 2:
ಮನೇಲಿ ಬದುಕಿದ ಹಿರಿಯರು ಇದ್ದರೆ ಕರ್ಕೊಂಡು ಹೋಗಿ. ನಮ್ಮತ್ತೆ ಗೋಡೆಯ ಖಾಲಿ ಗೂಡಿನ ಮುಂದೆ ನಿಂತು, ಮಸಿ ಮುಟ್ಟಿ, "ಇಲ್ಲೇ ಚಿಮಣಿ ದೀಪ ಇಡತಿದ್ವಿ" ಅಂದರು. ನೆಲದೊಳಗೆ ಕಾಳು ತುಂಬಿಡೋ ಹಗೇವಿನ ಬಾಯಿ ಎಲ್ಲಿತ್ತು ಅಂತ ಅವರು ತೋರಿಸದೇ ಇದ್ದಿದ್ದರೆ ನಾನು ಅದರ ಮೇಲೆಯೇ ನಡೆದುಹೋಗ್ತಿದ್ದೆ. ಅವರ ಮಾತನ್ನೂ ರೆಕಾರ್ಡ್ ಮಾಡ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಆಯಿ ಈಗಿಲ್ಲ. ಆದ್ರ ಆಕಿ ಮಗಳು, ನಮ್ಮ ಸೋದರತ್ತಿ, ಅದಾರ. ಕಾಕಾರಿಗೆ ಫೋನ್ ಹಚ್ಚಿ ಇನ್ನೊಂದು ವಾರ ತಡೀರಿ ಅಂದೆ, ಹೂಂ ಅಂದಾರ. ರವಿವಾರ ಅತ್ತಿನ್ನ ಕರ್ಕೊಂಡು ಹೊಂಟೇನಿ. ಕಾಳು ಹಸನ ಮಾಡೋ ಮರಾನೂ ಎರಡು ಸೇರು ಜ್ವಾಳಾನೂ ಚೀಲದಾಗ ಇಟಗೊಂಡೇನಿ.