‘ಸೂಪರ್’ ಅಂದು ಸುಮ್ಮನಾಗುವ ಗುಂಪಿನಲ್ಲಿ ಮಾತು ಬೆಳೆಸುವುದು ಹೇಗೆ? ಅನುಭವ ಇದ್ದವರು ಹೇಳ್ರಿ

ಕೇಳಿದವರು: ಶಿಕ್ಷಕಿ, ಕುಷ್ಟಗಿ

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ಸುತ್ತಮುತ್ತ ಓದುವ, ಬರೆಯುವ, ಹಳೆಯದನ್ನು ಹುಡುಕುವ ಹವ್ಯಾಸದವರು ಸೇರಿ ಒಂದು ವಾಟ್ಸಾಪ್ ಬಳಗ ಮಾಡಿಕೊಂಡಿದ್ದೇವೆ. ಜನಕ್ಕೇನೂ ಕೊರತೆಯಿಲ್ಲ. ಒಬ್ಬರು ಕವಿತೆ ಹಾಕುತ್ತಾರೆ, ಇನ್ನೊಬ್ಬರು ಇಟಗಿ ಮಹಾದೇವ ಗುಡಿಯ ಫೋಟೊ, ಮತ್ತೊಬ್ಬರು ಅಜ್ಜಿಯ ಕಡೆಯಿಂದ ಹಾಡಿಸಿದ ಬೀಸುವ ಪದ. ಅದರ ಕೆಳಗೆ ಸಾಲುಸಾಲಾಗಿ ‘ಸೂಪರ್’, ‘ಅದ್ಭುತ ಸರ್’, ಕೈಮುಗಿದ ಚಿತ್ರ. ಅಲ್ಲಿಗೆ ಮುಗೀತು. ಮೊದಲು ಹುರುಪಿನಿಂದ ಬರೆಯುತ್ತಿದ್ದವರು ಈಗ ಬರೆಯುತ್ತಿಲ್ಲ. ಯಾಕೆಂದು ಕೇಳಿದರೆ ಒಬ್ಬರು, “ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟರೀ ಮೇಡಂ, ಯಾರೂ ಓದಂಗಿಲ್ಲ” ಅಂದರು. ನಿಮ್ಮ ಗುಂಪುಗಳಲ್ಲಿ ಜನ ಒಬ್ಬರ ಮಾತಿಗೆ ಇನ್ನೊಬ್ಬರು ಮನಸಿಟ್ಟು ಉತ್ತರ ಕೊಡುವಂತೆ ಹೇಗೆ ಆಯಿತು? ನಿಯಮ ಮಾಡಿದಿರಾ, ತಾನಾಗಿಯೇ ಆಯಿತಾ? ನಮ್ಮ ಬಳಗ ಉಳಿಯಬೇಕು ಅನ್ನುವ ಆಸೆ ನನಗೆ ಬಹಳ ಇದೆ.

ಮೆಣಸಿನಕಾಯಿ ಬೆಳೆಗಾರ, ಕುರುಗೋಡು

ಅಕ್ಕಾರ, ನಮ್ಮದು ಸಾಹಿತ್ಯದ ಗುಂಪಲ್ಲ, ಮೆಣಸಿನಕಾಯಿ ಬೆಳೆಯುವವರದು. ಆದರೆ ನೀವು ಹೇಳಿದ ತೊಂದರೆ ನಮಗೂ ಇತ್ತು. ಬ್ಯಾಡಗಿ ಮಾರುಕಟ್ಟೆಯ ರೇಟು ಬಂದರೆ ನೂರು ಹೆಬ್ಬೆರಳು, ಯಾರಾದರೂ ಹೊಲದ ಕಷ್ಟ ಹೇಳಿಕೊಂಡರೆ ಎಲ್ಲರೂ ಗಪ್ಪು.

2021-22ರ ಹಂಗಾಮು ನೆನಪಿರಬೇಕು. ಆಂಧ್ರ, ತೆಲಂಗಾಣದಲ್ಲಿ ಹೂವಿಗೆ ಬಿದ್ದ ಕಪ್ಪು ಥ್ರಿಪ್ಸ್ ನುಸಿ ನಮ್ಮ ಕಡೆಗೂ ಬಂದು ಗಿಡಗಿಡವೇ ಹೂ ಉದುರಿಸಿತು. ಆಗ ಒಬ್ಬ ಹುಡುಗ ಮುದುಡಿದ ಎಲೆಯ ಫೋಟೊ ಹಾಕಿ “ಏನ್ ಹೊಡೀಬೇಕು?” ಅಂತ ಕೇಳಿದ. ಐದಾರು ಮಂದಿ ಐದಾರು ಔಷಧಿಯ ಹೆಸರು ಬರೆದರು. ಗಿಡ ಎಷ್ಟು ದಿನದ್ದು ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ನಮ್ಮ ಹೋಬಳಿಯ ಹಿರಿಯರೊಬ್ಬರು ಹೀಗೆ ಬರೆದರು: “ತಮ್ಮಾ, ಎಲಿ ಮ್ಯಾಲಕ್ಕ ಮುದುಡ್ಯಾವೋ ಕೆಳಕ್ಕ ಮುದುಡ್ಯಾವೋ ಸರಿಯಾಗಿ ನೋಡು. ಒಂದು ಹೂ ಕಿತ್ತು ಬಿಳೀ ಹಾಳಿ ಮ್ಯಾಲೆ ಕೊಡವು, ಏನು ಬೀಳ್ತದ ಅದರ ಫೋಟೊ ಹಾಕು. ಕಡೀಗೆ ಏನು ಹೊಡದಿದ್ದಿ, ಎಂದು ಹೊಡದಿದ್ದಿ ಅದನ್ನೂ ಬರಿ.”

ಎಲೆ ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕೆಳಕ್ಕೆ ಮುದುಡಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ, ಒಂದರದ್ದನ್ನು ಇನ್ನೊಂದಕ್ಕೆ ಹೊಡೆದರೆ ದುಡ್ಡೂ ಹಾಳು, ಬೆಳೆಯೂ ಹಾಳು. ಹುಡುಗ ಮರುದಿನ ಬೆಳಿಗ್ಗೆ ಹಾಳೆಯ ಮೇಲೆ ಹರಿದಾಡುವ ಕಪ್ಪು ಚುಕ್ಕಿಗಳ ಫೋಟೊ ಹಾಕಿದ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಹೊಲಕ್ಕೆ ಹೋಗಿ ಹೂ ಕೊಡವಿದರು. ಸಂಜೆಯೊಳಗೆ ಯಾವ ಊರಿನ ಕಡೆ ನುಸಿ ಬಂದಿದೆ, ಯಾವ ಕಡೆ ಇನ್ನೂ ಇಲ್ಲ ಅನ್ನುವುದು ಗುಂಪಿಗೆಲ್ಲ ತಿಳಿದಿತ್ತು. ಯಾರೂ ಸಭೆ ಕರೆದಿರಲಿಲ್ಲ. ಒಬ್ಬ ಯಜಮಾನರು ಮನಸಿಟ್ಟು ನಾಲ್ಕು ಪ್ರಶ್ನೆ ಕೇಳಿದ್ದಕ್ಕೆ ಇಷ್ಟಾಯಿತು.

ಅವತ್ತಿನಿಂದ ನಾವು ಎರಡು ರೂಢಿ ಮಾಡಿಕೊಂಡಿದ್ದೇವೆ. ಕೇಳದೆ ಔಷಧಿಯ ಹೆಸರು ಹೇಳುವಂತಿಲ್ಲ, ಮೊದಲು ಬೆಳೆಯ ವಯಸ್ಸು, ನೀರು, ಹಿಂದಿನ ಸಿಂಪರಣೆ ವಿಚಾರಿಸಬೇಕು. ಗೊತ್ತಾಗದಿದ್ದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳು ಅನ್ನಬೇಕು. ಎರಡನೆಯದು, ಸಲಹೆ ತಗೊಂಡವ ವಾರ ಬಿಟ್ಟು ಬಂದು ‘ಹಿಂಗಾಯ್ತು’ ಅಂತ ಬರೆಯಬೇಕು, ಗುಣ ಆಗದಿದ್ದರೂ ಬರೆಯಬೇಕು. ಈ ಎರಡನೆಯದೇ ನಮ್ಮ ಗುಂಪನ್ನು ಹಿಡಿದಿಟ್ಟಿದೆ ಅಂತ ನನ್ನ ಲೆಕ್ಕ. ತನ್ನ ಮಾತು ಇನ್ನೊಬ್ಬರ ಹೊಲದಲ್ಲಿ ಏನಾಯಿತು ಅಂತ ತಿಳಿದವನು ಮುಂದಿನ ಸಲ ತೂಗಿ ಮಾತಾಡುತ್ತಾನೆ.

ಕವಿತೆಗೂ ಇದು ಆಗುತ್ತದೋ ಇಲ್ಲವೋ ನೀವೇ ನೋಡ್ರಿ. ಬರೆದವರು ತಿದ್ದಿದ್ದನ್ನು ಮತ್ತೆ ಹಾಕಿ “ನೀವು ಹೇಳಿದ ಜಾಗ ಹಿಂಗ್ ಮಾಡೀನಿ” ಅಂದರೆ ಓದಿದವರಿಗೂ ತಮ್ಮ ಮಾತಿಗೆ ಬೆಲೆ ಇದೆ ಅನಿಸುತ್ತದೆ.

ಕಾಲೇಜು ಉಪನ್ಯಾಸಕ, ಗಂಗಾವತಿ

ಮೇಡಂ, ಎಲ್ಲರೂ ಬರೆಯುವುದಿಲ್ಲ ಅಂತ ಮೊದಲು ಬೇಸರ ಮಾಡಿಕೊಳ್ಳಬೇಡಿ. ಇಂಟರ್‌ನೆಟ್ಟಿನ ಬಳಕೆಯ ಬಗ್ಗೆ ಕೆಲಸ ಮಾಡಿದ ಜೇಕಬ್ ನೀಲ್ಸನ್ 2006ರಲ್ಲಿ 90-9-1 ಅನ್ನುವ ಅಂದಾಜು ಬರೆದರು: ಇಂಥ ಬಳಗಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಓದುತ್ತಾರಷ್ಟೇ, ಒಂಬತ್ತು ಮಂದಿ ಆಗಾಗ ಮಾತಾಡುತ್ತಾರೆ, ಬಹುಪಾಲು ಬರವಣಿಗೆ ಒಬ್ಬರದೇ. ಸುಮ್ಮನಿರುವವರು ಓದುತ್ತಿಲ್ಲ ಅಂತ ತಿಳಿಯುವುದು ಬೇಡ. ಆ ಒಂಬತ್ತು ಮಂದಿಯನ್ನು ಉಳಿಸಿಕೊಳ್ಳುವುದು ನಿಮ್ಮ ಕೆಲಸ.

ನಮ್ಮದು ಇತಿಹಾಸದ ಆಸಕ್ತರ ಗುಂಪು. ಹಿರೇಬೆಣಕಲ್ ಇಲ್ಲಿಗೆ ಹತ್ತಿರ. ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳು ನೂರಾರು ಇವೆ, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ. ಅದರ ಫೋಟೊ ಹಾಕದ ವಿದ್ಯಾರ್ಥಿ ಇಲ್ಲ, ಪ್ರತಿ ಸಲವೂ ಅದೇ ‘ವಾವ್’. ಒಂದು ಸಲ ಒಬ್ಬ ಹುಡುಗಿ ಹಾಕಿದ ಫೋಟೊದ ಮೂಲೆಯಲ್ಲಿ ದೊಡ್ಡದೊಂದು ದುಂಡು ಬಂಡೆ ಇತ್ತು. ನಾನು “ಮೂಲೆಯಲ್ಲಿ ಕಾಣುತ್ತಿರುವುದು ನಗಾರಿ ಕಲ್ಲಲ್ಲವೇನಮ್ಮ? ಬಡಿದರೆ ಸದ್ದು ಹೇಗೆ ಬರುತ್ತದೆ, ಕೇಳಿದವರು ಯಾರಾದರೂ ಇದ್ದೀರಾ?” ಅಂತ ಕೇಳಿದೆ. ಅದುವರೆಗೂ ಒಂದಕ್ಷರ ಬರೆಯದಿದ್ದ ಒಬ್ಬರು ಧ್ವನಿ ಸಂದೇಶ ಕಳಿಸಿದರು. ಸಣ್ಣವರಿದ್ದಾಗ ಕುರಿ ಮೇಯಿಸಲು ಆ ಗುಡ್ಡ ಹತ್ತುತ್ತಿದ್ದವರು ಅವರು. ಕಲ್ಲಿನಿಂದ ಬಡಿದರೆ ಸದ್ದು ಎಷ್ಟು ದೂರ ಹೋಗುತ್ತಿತ್ತು, ಹಿರಿಯರು ಅದನ್ನು ಮೊರೇರ ಗುಡ್ಡ ಅನ್ನುತ್ತಿದ್ದರು, ಆ ಮನೆಗಳಲ್ಲಿ ಗಿಡ್ಡ ಜನ ಇದ್ದರು ಅಂತ ಕಥೆ ಹೇಳುತ್ತಿದ್ದರು, ಮಳೆ ಬಂದರೆ ಯಾವ ಕಲ್ಲುಮನೆಯೊಳಗೆ ಕೂರುತ್ತಿದ್ದರು – ಎಲ್ಲವನ್ನೂ ಹೇಳಿದರು. ನಮ್ಮಂಥ ಓದಿದವರ ಹತ್ತಿರ ಇಲ್ಲದ ತಿಳಿವಳಿಕೆ ಅದು.

ಇದರಿಂದ ನನಗೆ ಕಂಡದ್ದು: ಹೊಗಳಿಕೆ ಬರೆದವರನ್ನು ಮಾತ್ರ ಮುಟ್ಟುತ್ತದೆ, ಪ್ರಶ್ನೆ ಗುಂಪಿನ ಎಲ್ಲರನ್ನೂ ಮುಟ್ಟುತ್ತದೆ. ಆದರೆ ಪ್ರಶ್ನೆ ಸಣ್ಣದಿರಬೇಕು, ಉತ್ತರ ಗೊತ್ತಿರುವವರು ಗುಂಪಿನೊಳಗೆ ಇರಬೇಕು. ‘ಈ ಸ್ಮಾರಕದ ಮಹತ್ವ ವಿವರಿಸಿ’ ಅಂದರೆ ಪರೀಕ್ಷೆ ಅಂತ ಎಲ್ಲರೂ ಓಡುತ್ತಾರೆ. ನಿಮ್ಮ ಇಟಗಿ ಫೋಟೊಕ್ಕೂ ಹೀಗೇ ಮಾಡಿ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಪಕ್ಕದ ಪುಷ್ಕರಣಿಯಲ್ಲಿ ಯಾರ ಕಾಲದಲ್ಲಿ ಎಷ್ಟು ನೀರು ಇತ್ತು ಅಂತ ಕೇಳಿ, ಇಟಗಿಯವರೇ ಉತ್ತರ ಕೊಡುತ್ತಾರೆ.

ಇನ್ನು ಬಳಕೆಯ ಮಾತು. ಟೈಪ್ ಮಾಡಲು ಕಷ್ಟಪಡುವವರಿಗೆ ಧ್ವನಿ ಸಂದೇಶ ಕಳಿಸಿ ಅನ್ನಿ. ಹೆಬ್ಬೆರಳು, ಕೈಮುಗಿಯುವುದು ಬಿಡಿಸಲು ಹೋಗಬೇಡಿ, ಅದು ನಮ್ಮ ಜನರ ಮರ್ಯಾದೆ. 2022ರಿಂದ ವಾಟ್ಸಾಪಿನಲ್ಲಿ ಸಂದೇಶವನ್ನು ಒತ್ತಿಹಿಡಿದು ಚಿಹ್ನೆಯನ್ನು ಅದರ ಮೇಲೆಯೇ ಇಡಬಹುದು. ಅದನ್ನು ಕಲಿಸಿಕೊಟ್ಟರೆ ಪರದೆ ಖಾಲಿಯಾಗಿ ನಿಜವಾದ ಮಾತು ಕಣ್ಣಿಗೆ ಬೀಳುತ್ತದೆ. ಯಾರ ಮಾತಿಗೆ ಉತ್ತರ ಕೊಡುತ್ತೀರೋ ಆ ಸಂದೇಶವನ್ನು ಬಲಕ್ಕೆ ಸರಿಸಿ ಉತ್ತರಿಸುವುದನ್ನೂ ಹೇಳಿಕೊಡಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಯಾರು ಯಾರಿಗೆ ಹೇಳಿದ್ದು ಅನ್ನುವುದೇ ತಿಳಿಯುವುದಿಲ್ಲ.

ಕವಿತೆ ಓದುವ ಬಳಗದಿಂದ, ಬಳ್ಳಾರಿ

ಗಂಗಾವತಿ ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಬರವಣಿಗೆಯ ವಿಷಯದಲ್ಲಿ ಬರೀ ಪ್ರಶ್ನೆ ಸಾಲದು. ಬರೆದವರಿಗೆ ತಮ್ಮ ಸಾಲು ಇನ್ನೊಬ್ಬರ ಒಳಗೆ ಎಲ್ಲಿ ತಾಗಿತು ಅಂತ ತಿಳಿಯಬೇಕು.

ಇಲ್ಲಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ದುಡಿಯುವ ಹುಡುಗ ಮೊದಲ ಸಲ ಕವಿತೆ ಹಾಕಿದ್ದ. ಹತ್ತಿಪ್ಪತ್ತು ‘ಸೂಪರ್ ಬ್ರೋ’ ಬಂದವು. ನಮ್ಮ ಬಳಗದ ಹಿರಿಯ ಅಕ್ಕ ಒಬ್ಬರು ಬರೆದದ್ದು ಇದು: “ತಮ್ಮಾ, ಕೈಗೆ ಹತ್ತಿದ ನೀಲಿ ಊಟದ ತಟ್ಟೆಗೂ ಬಂತು ಅಂತ ಬರೆದಿದ್ದೀಯಲ್ಲ, ಅಲ್ಲಿ ನಾನು ನಿಂತುಬಿಟ್ಟೆ. ಮುಂದೆ ಓದಲು ಸ್ವಲ್ಪ ಹೊತ್ತಾಯಿತು. ಕೊನೆಯಲ್ಲಿ ತಾಯಿ, ಭೂಮಿ, ದೇವರು ಮೂವರೂ ಒಟ್ಟಿಗೆ ಬಂದರು. ಅವರನ್ನು ಕರೆಯದೆಯೂ ನಿನ್ನ ಕವಿತೆ ನಿಲ್ಲುತ್ತದೆ ಅಂತ ನನಗನಿಸಿತು. ಆ ಬಣ್ಣ ಸೋಪಿಗೆ ಹೋಗುತ್ತದೋ ಇಲ್ಲವೋ?” ಹುಡುಗ ಕವಿತೆಗಿಂತ ಉದ್ದದ ಉತ್ತರ ಬರೆದ. ಬಣ್ಣ ಉಗುರಿನ ಸಂದಿಯಲ್ಲಿ ಉಳಿಯುವುದು, ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಎಲ್ಲ. ಬಟ್ಟೆ ತೊಳೆಯುವ ಘಟಕದಲ್ಲಿ ದುಡಿದ ಇನ್ನೊಬ್ಬ ಅದಕ್ಕೆ ತನ್ನದನ್ನು ಸೇರಿಸಿದ. ಈಗ ಅವರಿಬ್ಬರೂ ನಮ್ಮಲ್ಲಿ ತಪ್ಪದೆ ಬರೆಯುವವರು, ಮತ್ತೊಬ್ಬರ ಕವಿತೆಯನ್ನೂ ಹಾಗೆಯೇ ಓದಿ ಹೇಳುತ್ತಾರೆ.

ಅಕ್ಕನ ಆ ಉತ್ತರ ನೋಡಿ: ಸಾಲನ್ನು ಬೆರಳಿಟ್ಟು ತೋರಿಸಿದ್ದಾರೆ, ತಮಗಾದದ್ದನ್ನು ಹೇಳಿದ್ದಾರೆ, ಒಪ್ಪದ್ದನ್ನು ‘ನನಗನಿಸಿತು’ ಅಂತ ಇಟ್ಟಿದ್ದಾರೆ, ಕೊನೆಗೆ ಹುಡುಗನ ಬದುಕನ್ನು ವಿಚಾರಿಸಿದ್ದಾರೆ. ಬಳಗಕ್ಕೆ ಹೊಸಬರು ಬಂದಾಗ ನಾವು ಅದನ್ನೇ ತೋರಿಸುತ್ತೇವೆ. ನಿಯಮಗಳ ಪಟ್ಟಿ ಕಳಿಸಿದರೆ ಯಾರೂ ಓದುವುದಿಲ್ಲ, ಒಂದು ಒಳ್ಳೆಯ ಉತ್ತರ ಕಣ್ಣಾರೆ ಕಂಡರೆ ಕಲಿಯುತ್ತಾರೆ.

ಒಂದು ಎಚ್ಚರ. ಮೊದಲ ಸಲ ಬರೆದವರ ದೊಡ್ಡ ತಪ್ಪುಗಳನ್ನು ಎಲ್ಲರ ಎದುರು ಹೇಳಬೇಡಿ. ಕಾಗುಣಿತ, ಛಂದಸ್ಸು ಇವೆಲ್ಲ ಅವರೊಬ್ಬರಿಗೇ ಪ್ರತ್ಯೇಕವಾಗಿ ಬರೆಯಿರಿ. ಎಲ್ಲರೆದುರು ತಿದ್ದಿಸಿಕೊಂಡವರು ತಿರುಗಿ ಬರುವುದಿಲ್ಲ.

ಮೆಣಸಿನಕಾಯಿ ಬೆಳೆಗಾರ, ಕುರುಗೋಡು (ಮತ್ತೆ)

ಬಳ್ಳಾರಿಯವರ ಕೊನೆ ಮಾತು ನಮ್ಮಂಥ ಗುಂಪಿಗೆ ಹೊಂದುವುದಿಲ್ಲರೀ. ತಪ್ಪು ಔಷಧಿ ಹೇಳಿದವರನ್ನು ಒಳಗೊಳಗೆ ತಿದ್ದಿದರೆ, ಓದಿದ ಉಳಿದವರು ಅದನ್ನೇ ಹೊಡೆದುಬಿಡುತ್ತಾರೆ. ನಾವು ಎಲ್ಲರ ಮುಂದೆಯೇ ಹೇಳುತ್ತೇವೆ. ಆದರೆ “ಯಣ್ಣಾ, ನಿಮ್ಮ ಹೊಲದಾಗ ಅದು ಆಗಿರಬೇಕು, ಈ ಗಿಡಕ್ಕ ಇದು ಆಗಂಗಿಲ್ಲ, ಯಾಕಂದ್ರ…” ಅಂತ ಕಾರಣ ಕೊಟ್ಟೇ ಹೇಳಬೇಕು. ಕಾರಣ ಕೊಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲ.

ನಿವೃತ್ತ ಶಿಕ್ಷಕಿ, ರಾಯಚೂರು

ತಂಗಿ, ನಿಮ್ಮ ಬೀಸುವ ಪದದ ಆಡಿಯೊ ವಿಷಯಕ್ಕೆ ಬರೆಯುತ್ತಿದ್ದೇನೆ. ಬೇರೆ ಯಾರೂ ಅದರ ಬಗ್ಗೆ ಹೇಳಲಿಲ್ಲ.

ಹಾಡು ಕೇಳಿದ ಹೆಣ್ಣುಮಕ್ಕಳಿಗೆ ಹೇಳಲು ಬೇಕಾದಷ್ಟಿರುತ್ತದೆ. ಗಂಡಸರು ತುಂಬಿದ ಗುಂಪಿನಲ್ಲಿ ಹೇಳುವುದಿಲ್ಲ. ನಮ್ಮ ಹಾಡಿನ ಬಳಗದಲ್ಲಿ ಹೀಗೇ ಇತ್ತು. ಗುಂಪು ಸುಮ್ಮನಿರುತ್ತಿತ್ತು, ನನ್ನ ಫೋನಿಗೆ ಮಾತ್ರ ಬೇರೆಬೇರೆಯಾಗಿ ಬರುತ್ತಿತ್ತು: “ಅಕ್ಕಾರ, ನಮ್ಮ ಮಾನ್ವಿ ಕಡೆ ಎರಡನೇ ನುಡಿಯಾಗ ಅಣ್ಣನ ಹೆಸರು ಬರಂಗಿಲ್ಲ, ಎಲ್ಲಮ್ಮನ ಹೆಸರು ಬರ್ತದ.” “ನಮ್ಮತ್ತಿ ಇದನ್ನ ಬೀಸೂವಾಗ ಅಲ್ಲ, ತೊಟ್ಟಿಲ ತೂಗೂವಾಗ ಹಾಡ್ತಿದ್ರು.” ಚಿನ್ನದಂಥ ಮಾತುಗಳು. ಆಮೇಲೆ ನಾನು ಒಬ್ಬೊಬ್ಬರನ್ನೂ ಕೇಳಿ, ಅವರು ಹೂಂ ಅಂದ ಮೇಲೆ, ಅವರ ಹೆಸರು ಊರು ಸಮೇತ ಗುಂಪಿನಲ್ಲಿ ಹಾಕತೊಡಗಿದೆ. ತಮ್ಮ ಮಾತು ಹೆಸರಿನೊಂದಿಗೆ ಬಂದದ್ದನ್ನೂ ಅದಕ್ಕೆ ಇನ್ನೊಬ್ಬರು ಸೇರಿಸಿದ್ದನ್ನೂ ಕಂಡವರು ಆಮೇಲೆ ತಾವೇ ಹಾಡಿ ಕಳಿಸಿದರು. ಒಂದೇ ಹಾಡು ಲಿಂಗಸುಗೂರಿನಲ್ಲಿ ಒಂದು ಥರ, ದೇವದುರ್ಗದಲ್ಲಿ ಇನ್ನೊಂದು ಥರ ಇರುವುದು ಹೀಗೆ ಗೊತ್ತಾಯಿತು. ಯಾವುದು ಸರಿ ಅಂತ ಜಗಳಕ್ಕೆ ಬಿಡಬಾರದು, ಎಲ್ಲವೂ ಸರಿ. ಹಾಡಿದ ಅಜ್ಜಿ ಇದ್ದರೆ ಬಂದ ಮಾತುಗಳನ್ನು ಅವರಿಗೂ ಓದಿ ಹೇಳಿ. ಫೋನು ಅವರ ಕೈಯಲ್ಲಿ ಇರುವುದಿಲ್ಲ, ಕೇಳಿದವರು ಏನಂದರು ಅಂತ ತಿಳಿಯುವ ಹಕ್ಕು ಮೊದಲು ಅವರದು.

ಶಿಕ್ಷಕಿ, ಕುಷ್ಟಗಿ

ಎಲ್ಲರಿಗೂ ಶರಣು. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ರಾಯಚೂರಿನ ಅಕ್ಕಾರ, ಹಾಡಿದ ಅಜ್ಜಿಗೆ ಓದಿ ಹೇಳಬೇಕು ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಒಂದೇ ಅನುಮಾನ: ಹೀಗೆ ಪ್ರತಿಯೊಂದನ್ನೂ ಓದಿ ಉತ್ತರಿಸುವುದು ಒಬ್ಬರ ಕೈಲಾಗುವ ಕೆಲಸವೇ? ಪರೀಕ್ಷೆ, ಮೌಲ್ಯಮಾಪನ ಬಂದಾಗ ನನಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

ಗ್ರಂಥಾಲಯದ ಓದುಗರ ಗುಂಪು ನೋಡಿಕೊಳ್ಳುವವರು, ಸಿಂಧನೂರು

ಒಬ್ಬರೇ ಮಾಡಬೇಡಿ ಮೇಡಂ, ಅಡ್ಮಿನ್ ಒಬ್ಬರೇ ಉತ್ತರಿಸುವ ಗುಂಪಿನಲ್ಲಿ ಉಳಿದವರೆಲ್ಲ ಅಡ್ಮಿನ್ ಕಡೆಗೇ ನೋಡುತ್ತಾ ಕೂರುತ್ತಾರೆ. ನಾವು ವಾರಕ್ಕೆ ಇಬ್ಬರಂತೆ ಪಾಳಿ ಹಾಕಿಕೊಂಡಿದ್ದೇವೆ, ಕಾಲುವೆ ನೀರಿಗೆ ಪಾಳಿ ಇದ್ದ ಹಾಗೆ. ಆ ವಾರ ಏನೇ ಬಂದರೂ ಇಬ್ಬರಲ್ಲಿ ಒಬ್ಬರು ಓದಿ ನಾಲ್ಕು ಸಾಲು ಬರೆಯಬೇಕು, ಬೇರೆಯವರು ಬರೆದರೆ ಇನ್ನೂ ಒಳ್ಳೆಯದು. ಭತ್ತದ ನಾಟಿ, ಕೊಯ್ಲಿನ ದಿನಗಳಲ್ಲಿ ರೈತರಿಗೆ ಪಾಳಿ ಕೊಡುವುದಿಲ್ಲ, ಮಾರ್ಚಿಯಲ್ಲಿ ಮೇಷ್ಟ್ರುಗಳಿಗೆ ಕೊಡುವುದಿಲ್ಲ. ಹೊಸಬರ ಮೊದಲ ಬರಹ ಮಾತ್ರ ಒಂದು ದಿನದ ಮೇಲೆ ಉತ್ತರವಿಲ್ಲದೆ ಇರಬಾರದು, ಅದಕ್ಕೆ ಪಾಳಿಯವರಲ್ಲದಿದ್ದರೂ ಯಾರಾದರೂ ಬರೆಯಬೇಕು. ಹಳಬರ ಬರಹ ಎರಡು ದಿನ ತಡವಾದರೂ ನಡೆಯುತ್ತದೆ, ಅವರು ಕಾಯುತ್ತಾರೆ.

ನೀವು ಈ ವಾರವೇ ಶುರುಮಾಡಿ. ‘ಯಾರೂ ಓದಂಗಿಲ್ಲ’ ಅಂದವರ ಹಳೆಯ ಬರಹವೊಂದನ್ನು ಹುಡುಕಿ ತೆಗೆದು, ಅದರಲ್ಲಿ ನಿಮಗೆ ಹಿಡಿಸಿದ ಸಾಲು ಯಾವುದು, ಯಾಕೆ ಅಂತ ಅವರ ಸಂದೇಶಕ್ಕೇ ಉತ್ತರವಾಗಿ ಬರೆಯಿರಿ. ಪಾಳಿಗೆ ಮೊದಲ ಹೆಸರು ಅವರದನ್ನೇ ಕೇಳಿ.