ಸಹಾಯ ಬೇಕು: ಪ್ಲಿಮತ್ ವಸಾಹತು ದಾಖಲೆಗಳ 12ನೇ ಸಂಪುಟ

ಎಲ್ಲರಿಗೂ ನಮಸ್ಕಾರ. ಪಲ್ಸಿಫರ್ ಸಂಪಾದಿಸಿದ, 1861ರಲ್ಲಿ ಅಚ್ಚಾದ ಈ ಸಂಪುಟ (ಅಮೆರಿಕದಲ್ಲಿದ್ದ ಹಳೆಯ ಇಂಗ್ಲಿಷ್ ವಸಾಹತು ಪ್ಲಿಮತ್‌ನ 1620–1651ರ ಜಮೀನು ಪತ್ರಗಳು) ಅಮೆರಿಕದಲ್ಲಿರುವ ಯಾರಿಗಾದರೂ ಗ್ರಂಥಾಲಯದಲ್ಲಿ ಸಿಕ್ಕೀತೇ? ಬೇಕಿರುವುದು 1627ರ ಮೇ ತಿಂಗಳ ದನ ಹಂಚಿಕೆಯ (ವಸಾಹತಿನ ದನಗಳನ್ನು ಅಲ್ಲಿನ ಜನರ ಗುಂಪುಗಳಿಗೆ ಹಂಚಿದ್ದರ) ಪುಟಗಳು ಮಾತ್ರ. ಹೆಂಗಸರು, ಮಕ್ಕಳ ಹೆಸರೂ ಇರುವುದರಿಂದ ಅದು ಜನಗಣತಿಯಷ್ಟೇ ಬೆಲೆಬಾಳುವ ಪಟ್ಟಿ.

ಮರುಮುದ್ರಣವಾದರೂ ನಡೆಯುತ್ತದೆ. ಆದರೆ ಒಂದೇ ರಟ್ಟಿನೊಳಗೆ ಎರಡು ಸಂಪುಟ ಸೇರಿಸಿದ್ದರೆ ಪುಟಸಂಖ್ಯೆ ನಡುವೆ ಮತ್ತೆ 1ರಿಂದ ಶುರುವಾಗಿರುತ್ತದೆ, ಎಡವಟ್ಟಾಗುವುದು ಅಲ್ಲೇ. ಹಾಗಾಗಿ ಆ ಪುಟಗಳ ಜೊತೆ ಶೀರ್ಷಿಕೆ ಪುಟದ ಫೋಟೊನೂ ಹಾಕಿ. ಅಂಚು ಕತ್ತರಿಸಬೇಡಿ, ಮೂಲ ಹಸ್ತಪ್ರತಿಯ ಪುಟಸಂಖ್ಯೆ ಅಲ್ಲಿರುತ್ತದೆ. ಒಟ್ಟು 12 ಗುಂಪು, ಗುಂಪಿಗೆ 13 ಜನ. ಲೆಕ್ಕ ಕಡಿಮೆ ಬಂದರೆ ಯಾವುದೋ ಪುಟ ಬಿಟ್ಟುಹೋಗಿರಬಹುದು. ಯಂತ್ರ ಓದಿದ ಪಠ್ಯ ಬೇಡ, ಹಳೆಯ ಸಂಕ್ಷೇಪಾಕ್ಷರಗಳನ್ನು ಅದು ಕೆಡಿಸುತ್ತದೆ.