12×16 ಅಡಿ ಶೆಡ್ಡಿನ ಮಾಡಿಗೆ ಎಷ್ಟು ಪ್ಲೈವುಡ್ ಹಾಳೆ ಬೇಕು?

ಪ್ರಶ್ನೆ: ಒಹಾಯೊದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ 12 ಅಡಿ ಅಗಲ, 16 ಅಡಿ ಉದ್ದದ ಶೆಡ್ ಕಟ್ಟುತ್ತಿದ್ದೇನೆ. ಮಾಡಿಗೆ ಎರಡು ಇಳಿಜಾರುಗಳಿದ್ದು, ಪ್ರತಿ 12 ಇಂಚಿಗೆ 6 ಇಂಚು ಏರುತ್ತದೆ. ರಾಫ್ಟರುಗಳು (ಮಾಡನ್ನು ಹೊರುವ ಓರೆ ಮರಗಳು) 24 ಇಂಚಿಗೊಂದರಂತಿವೆ, ಮಾಡು ಸುತ್ತಲೂ ಒಂದಡಿ ಹೊರಚಾಚಿದೆ. ವಿಸ್ತೀರ್ಣದ ಲೆಕ್ಕದಲ್ಲಿ 8×4 ಅಡಿಯ 9 ಹಾಳೆಗಳು ಸಾಕೆನಿಸುತ್ತದೆ. ಇದು ಸರಿಯೇ? ಮೇಲೆ ಶಿಂಗಲ್ (ಹಂಚಿನಂತೆ ಒಂದರ ಮೇಲೊಂದು ಬರುವ ತೆಳು ಹೊದಿಕೆ) ಹೊದಿಸುವವನಿದ್ದೇನೆ.

ಅನುಭವ 1 (ಮಿಷಿಗನ್): 9 ಸಾಲುವುದಿಲ್ಲ, 10 ಬೇಕು. ನಾನೂ ವಿಸ್ತೀರ್ಣವನ್ನೇ ನಂಬಿ 9 ಹಾಳೆ ತಂದಿದ್ದೆ. ಕೊನೆಯ ಮೂಲೆಯಲ್ಲಿ ಸಣ್ಣ ಚೂರುಗಳಷ್ಟೇ ಉಳಿದು, ಕೆಲಸ ನಿಲ್ಲಿಸಿ ಮತ್ತೆ ಅಂಗಡಿಗೆ ಹೋಗಬೇಕಾಯಿತು. ಆದ್ದರಿಂದ ಮೊದಲು ಕಾಗದದ ಮೇಲೆ ಪ್ರತಿ ರಾಫ್ಟರನ್ನೂ ಗೆರೆ ಎಳೆದು ಗುರುತಿಸಿಕೊಳ್ಳಿ. ನಿಮ್ಮ ಇಳಿಜಾರಿನ ಉದ್ದ ಸುಮಾರು 7 ಅಡಿ 10 ಇಂಚು ಬರುತ್ತದೆ, ಅಂದರೆ ಹಾಳೆಗಳ ಎರಡು ಸಾಲು. ಸೂರಿನ ಕಡೆಯಿಂದ ಇಡೀ ಹಾಳೆಗಳಲ್ಲಿ ಆರಂಭಿಸಿ, ಹೆಚ್ಚಾಗುವ 2 ಇಂಚನ್ನು ಮಾಡಿನ ನೆತ್ತಿಯ ಬಳಿ ಕತ್ತರಿಸಬೇಕು.

ಉದ್ದದಲ್ಲಿ ಮಾಡು 18 ಅಡಿ ಇದೆ. ಒಂದಡಿಯ ಚಾಚಿನಿಂದಾಗಿ ರಾಫ್ಟರುಗಳು ಮಾಡಿನ ಅಂಚಿನಿಂದ 1, 3, 5, 7 ಎಂದು ಬೆಸ ಅಡಿಗಳಲ್ಲಿ ಬೀಳುತ್ತವೆ. ಹಾಳೆಗಳು ಸೇರುವ ಜಾಗವೂ ಅಲ್ಲಿಯೇ ಬರಬೇಕು. ಅಂಚಿನಿಂದ ಎರಡು ಇಡೀ ಹಾಳೆ ಇಟ್ಟರೆ ಸಂದು 8 ಮತ್ತು 16 ಅಡಿಯಲ್ಲಿ, ಅಂದರೆ ಬರಿಯ ಗಾಳಿಯ ಮೇಲೆ ನಿಲ್ಲುತ್ತದೆ. ಹೀಗಾಗಿ ಕೆಳಸಾಲಿಗೆ 7, 8, 3 ಅಡಿಯ ತುಂಡುಗಳನ್ನೂ ಮೇಲುಸಾಲಿಗೆ 3, 8, 7 ಅಡಿಯ ತುಂಡುಗಳನ್ನೂ ಇಟ್ಟರೆ, ಸಂದುಗಳು ಒಂದರಿಂದ ಇನ್ನೊಂದು 4 ಅಡಿ ಸರಿದು ನಿಲ್ಲುತ್ತವೆ. 7 ಅಡಿಗೆ ಕತ್ತರಿಸಿದಾಗ ಉಳಿಯುವ ಒಂದಡಿ ವ್ಯರ್ಥವಾಗುತ್ತದೆ. 3 ಅಡಿಯ ಎರಡೂ ತುಂಡುಗಳು ಒಂದೇ ಹಾಳೆಯಲ್ಲಿ ಸಿಗುತ್ತವೆ. ಇಳಿಜಾರಿಗೆ 5ರಂತೆ ಒಟ್ಟು 10 ಹಾಳೆಗಳಾಗುವುದು ಹೀಗೆ.

ಪ್ಲೈವುಡ್ಡಿನ ಬಲ ಅದರ ಉದ್ದದ ದಿಕ್ಕಿನಲ್ಲಿರುವುದರಿಂದ ಹಾಳೆಯ ಉದ್ದನೆಯ ಬದಿ ರಾಫ್ಟರುಗಳಿಗೆ ಅಡ್ಡಲಾಗಿಯೇ ಇರಬೇಕು. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಹಾಳೆಗಳು ತೇವಕ್ಕೆ ಹಿಗ್ಗುವುದರಿಂದ ನಡುವೆ 1/8 ಇಂಚು ಬಿಡಬೇಕು, ಇಲ್ಲದಿದ್ದರೆ ಅವು ಒಂದನ್ನೊಂದು ಒತ್ತಿ ಉಬ್ಬುತ್ತವೆ ಮತ್ತು ಆ ಉಬ್ಬು ಶಿಂಗಲ್ಲಿನ ಮೇಲೂ ಕಾಣುತ್ತದೆ. ಮೊಳೆಗಳನ್ನು ಹಾಳೆಯ ಅಂಚುಗಳಲ್ಲಿ 6 ಇಂಚಿಗೊಂದು, ನಡುವಿನ ರಾಫ್ಟರುಗಳಲ್ಲಿ 12 ಇಂಚಿಗೊಂದು ಹೊಡೆಯುವುದು ಇಲ್ಲಿ ಬಹುಕಾಲದಿಂದ ಬಂದ ಪದ್ಧತಿ. ನಿಮ್ಮಲ್ಲಿ ಈಗಿನ ನಿಯಮ ಏನೆಂದು, ಅದರಲ್ಲೂ ಗಾಳಿ ಹೆಚ್ಚಿರುವ ಊರಾದರೆ, ಸ್ಥಳೀಯ ಕಟ್ಟಡ ಕಚೇರಿಯಲ್ಲಿ ಕೇಳಿ ನೋಡಿ. ದಪ್ಪ ಆರಿಸುವಾಗ ಹಾಳೆಯ ಮೇಲಿನ ಮುದ್ರೆಯನ್ನು ಓದಿ: 32/16 ಎಂದಿದ್ದರೆ ಮೊದಲ ಸಂಖ್ಯೆ ಮಾಡಿನ ರಾಫ್ಟರುಗಳ ನಡುವೆ ಇರಬಹುದಾದ ಗರಿಷ್ಠ ಅಂತರವನ್ನು ಇಂಚಿನಲ್ಲಿ ಹೇಳುತ್ತದೆ. ಹಿಮ ಬೀಳುವ ನಿಮ್ಮ ಊರಿಗೆ, ಬೆಲೆ ತುಸು ಹೆಚ್ಚಾದರೂ ನಾನು ಅದನ್ನೇ ಆರಿಸುತ್ತೇನೆ.

ಅನುಭವ 2 (ಮೂಡಿಗೆರೆ): ನಮ್ಮ ಮನೆಯಲ್ಲಿ ಪಕ್ಕಾಸುಗಳ (ರಾಫ್ಟರುಗಳ) ಮೇಲೆ ಪ್ಲೈವುಡ್ ಹೊಡೆದು ಅದರ ಮೇಲೆ ಮಂಗಳೂರು ಹಂಚು ಹೊದಿಸಿದ್ದೇವೆ. ಮಲೆನಾಡಿನ ಮಳೆಗೆ ಐಎಸ್ 710 ಗುರುತಿನ (ನೀರಿಗೆ ತಡೆಯುವ ಮೆರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಹಾಳೆಯನ್ನೇ ತಂದೆವು. ಆದರೆ ಹಾಳೆಗಿಂತ ಹೆಚ್ಚು ಕಷ್ಟ ಕೊಟ್ಟದ್ದು ರೀಪು, ಅಂದರೆ ಹಂಚು ಕೂರಿಸುವ ಮರದ ಪಟ್ಟಿ. ಅಡ್ಡ ರೀಪುಗಳನ್ನು ನೇರವಾಗಿ ಪ್ಲೈವುಡ್ಡಿಗೆ ಹೊಡೆದ ಕಡೆಯಲ್ಲೆಲ್ಲ ಹಂಚಿನ ಸಂದಿನಿಂದ ಇಳಿದ ನೀರು ನಿಂತು, ಎರಡನೆಯ ಮಳೆಗಾಲದ ಹೊತ್ತಿಗೆ ಹಾಳೆ ಕಪ್ಪಾಗಿತ್ತು. ಬಳಿಕ ಅದನ್ನು ಬಿಚ್ಚಿ, ಮೊದಲು ಇಳಿಜಾರಿನ ಉದ್ದಕ್ಕೆ ರೀಪು, ಅದರ ಮೇಲೆ ಅಡ್ಡ ರೀಪು ಕೊಟ್ಟ ಮೇಲೆ ನೀರು ಅಡಿಯಲ್ಲೇ ಹರಿದುಹೋಗುತ್ತಿದೆ. ಶಿಂಗಲ್ಲಿಗೆ ಈ ತೊಂದರೆಯಿಲ್ಲ. ಆದರೂ ಹಾಳೆ ಹೊಡೆದ ದಿನವೇ ಅದರ ಮೇಲೆ ನೀರು ತಡೆಯುವ ಪದರವನ್ನು ಹಾಸಿಬಿಡಿ.

ಅನುಭವ 3 (ಒಹಾಯೊ): ಹಾಳೆಯನ್ನು ಒಬ್ಬರೇ ಮೇಲಕ್ಕೆತ್ತಬೇಡಿ. ಸಣ್ಣ ಗಾಳಿಗೂ ಅದು ಹಾಯಿಯಂತೆ ಸೆಳೆಯುತ್ತದೆ. ಕೆಳಸಾಲನ್ನು ಪೂರ್ತಿ ಮೊಳೆ ಹೊಡೆದು ಮುಗಿಸಿದ ನಂತರವಷ್ಟೇ ಅದರ ಮೇಲೆ ಕಾಲಿಡಿ. ಮರದ ಪುಡಿ ಬಿದ್ದಿದ್ದರೆ ಮೊದಲು ಗುಡಿಸಿಕೊಳ್ಳಿ, ಆ ಇಳಿಜಾರಿನಲ್ಲಿ ಕಾಲು ಜಾರುತ್ತದೆ.